ಕಿವಿಯೊಳಗಿನ ಬಳಿ ಸಪ್ಪಳ

ಬಳಿ ಮಾರೋ ಧಂದೆಕ್ಕ ಹೊಸದಾಗಿ ಬರೋ ಹೆಣ್ಮಕ್ಕಳಿಗೆ ಎಲ್ಲಾರೂ ಹೇಳೋದು ಒಂದೇ ಮಾತು: ಕೈ ಮೆತ್ತಗಿರಬೇಕು, ಬಾಯಿ ಸಿಹಿ ಇರಬೇಕು. ನನ್ನ ಕೈ ಒರಟು, ಬಾಯಿ ಖಾರ. ಆದ್ರೂ ಮುದುಕಿ ಆಗೋತನಕ ಈ ಧಂದೆ ಮಾಡೀನಿ. ಹಂಗಾಗಿ ಆ ಮಾತು ಬಿಡ್ರಿ. ಬೇಕಾದ್ದು ಕಿವಿ. ಅದನ್ನ ಯಾರೂ ಹೇಳೂದಿಲ್ಲ, ಯಾಕಂದ್ರ ಕಿವಿ ನೆಟ್ಟಗಿರೋತನಕ ಅದು ಕೆಲಸ ಮಾಡಾಕತ್ತದ ಅಂತ ಯಾರಿಗೂ ಗೊತ್ತಾಗೂದಿಲ್ಲ. ನಂದು ಕೆಟ್ಟ ಮ್ಯಾಲೆ ನನಗ ಗೊತ್ತಾತು. ಅದನ್ನ ಬರೀತೀನಿ. ಮೂರನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ ನಾ. ಒತ್ತಕ್ಷರ ತಪ್ಪಿದ್ರ ತಿದ್ದಿಕೊಂಡು ಓದ್ರಿ.

ನಮ್ಮ ಮನಿ ರಾಯಚೂರಾಗ, ಧಂದೆ ಮಾತ್ರ ಬಸ್ಸಿನ್ಯಾಗ. ದೇವದುರ್ಗದ ಸಂತಿ, ಮಾನವಿ ಸಂತಿ, ಸಿರವಾರ. ನಡುವ ಗಬ್ಬೂರು, ಮಲ್ಲಟ ಅಂತ ಮದುವಿ ಮನಿಗಳು, ಬಸುರಿಗೆ ಕುಬಸ ಮಾಡೋ ಮನಿಗಳು. ಈಗ ಮೊಣಕಾಲು ಬಸ್ಸಿನ ಮೆಟ್ಲು ಹತ್ತಾಕ ಒಲ್ಲೆ ಅಂದಾವ, ಬಿಟ್ಟೀನಿ. ನನ್ನ ಸೊಸಿ ರಾಯಚೂರಾಗ ಅಂಗಡಿ ಹಾಕ್ಯಾಳ. ಅಕಿ ಮಾರೋದು ಹೆಚ್ಚಿನ ಪಾಲು ಪ್ಲಾಸ್ಟಿಕ್, ಲೋಹ, ರೇಷ್ಮಿ ದಾರ ಸುತ್ತಿದ ಬಳಿ. ಬಣ್ಣ ಛಂದ ಅದ, ಸಪ್ಪಳ ಇಲ್ಲ. ಸಪ್ಪಳ ಇಲ್ಲದ ಬಳಿ ಅಂದ್ರ ಉಪ್ಪಿಲ್ಲದ ಪುಂಡಿ ಪಲ್ಯ. ಇದನ್ನ ಅಕಿ ಮುಂದ ಹೇಳಿದ್ರ, ನಿನಗ ಹೆಂಗೂ ಕೇಳ್ಸೂದಿಲ್ಲಲ್ಲ ಅತ್ತಿ, ಯಾವುದಾದ್ರೇನು ಅಂತಾಳ. ಸೊಸಿ ಅನ್ನೋ ಜಾತಿನ ಹಂಗ.

ನನಗ ಧಂದೆ ಕಲಿಸಿದಾಕಿ ನಮ್ಮತ್ತಿ. ಅಕಿ ಹೆಗಲ ಮ್ಯಾಲೆ ಬಳಿ ಪೋಣಿಸಿದ ಹಗ್ಗ ಹಾಕ್ಕೊಂಡು ತಿರುಗಿದಾಕಿ. ಅದಕ್ಕ ಮಲಾರ ಅಂತೀವಿ. ಗಾಜಿನ ಬಳ್ಯಾಗ ಕೂದಲೆಳಿಯಂಥ ಬಿರುಕಿದ್ರ ಕಣ್ಣಿಗೆ ಕಾಣೂದಿಲ್ಲ, ಕಿವಿಗೆ ಕೇಳ್ತದ. ಒಂದು ಡಜನ್ ಬಳಿ ಎರಡು ಬೆರಳಿಗೆ ಹಾಕಿ ಕಿವಿ ಹತ್ರ ಅಲುಗಾಡಿಸಬೇಕು. ಛಲೋ ಬಳಿ ಖಣಖಣ ಅಂತಾವ. ನಡುವ ಒಂದು ಬಿರುಕಿನದಿದ್ರ ‘ಕಟ್’ ಅಂತದ, ಭಜನಿಯೊಳಗ ಒಬ್ಬಾಂವ ಕೆಮ್ಮಿದಂಗ. ಆ ಕೆಮ್ಮು ಹಿಡಿಯೋದೇ ವಿದ್ಯಾ. ನಾ ತಪ್ಪಿದ್ರ ನಮ್ಮತ್ತಿ ಮೊಣಕೈಲೆ ತಿವೀತಿದ್ಳು. ಗಡಗಿ, ತೆಂಗಿನಕಾಯಿ, ಕುಂಬಳಕಾಯಿ, ಎಲ್ಲಾ ಬಡದು ನೋಡೇ ತಗೊಳ್ಳಾಕಿ. ನನ್ನ ನೋಡಾಕ ಬಂದಾಗ ಸುಮ್ಮ ಸುಮ್ಮನ ಮಾತಾಡಿಸಿ ಮಾತಾಡಿಸಿ, ನನ್ನ ದನ್ಯಾಗ ಬಿರುಕಿಲ್ಲ ಅಂತ ಖಾತ್ರಿ ಮಾಡಿಕೊಂಡ ಮ್ಯಾಲೆ ಎಲಿ ಅಡಕಿ ಇಸಗೊಂಡ್ಳು. ಆಮ್ಯಾಲೆ ಜನ್ಮಪೂರ್ತಿ ಅದ ದನಿಗೆ ಕಿವಿ ಮುಚ್ಕೊಂಡ್ಳು.

ಇನ್ನೊಂದು ಕಲಿಸಿದ್ಳು. ಬಳಿ ‘ಒಡೀತು’ ಅನ್ನಬಾರದು. ಅದು ಕೆಟ್ಟ ಗಳಿಗ್ಯಾಗಿನ ಮಾತು. ಕೈಯಾಗ ಬಳಿ ಮುರಿದ್ರ ‘ಹೆಚ್ಚಿತು’ ಅನ್ನಬೇಕು. ಹೆಚ್ಚಿತು, ಹೆಚ್ಚಿತು ಅಂದು ಅಂದು ನನ್ನ ಬಾಯಿಗೆ ಒಡಿಯೋದು ಅನ್ನೋ ಮಾತೇ ಮರ್ತು ಹೋಗಿತ್ತು. ಇದರಿಂದ ಮುಂದ ಒಂದು ದೊಡ್ಡ ಫಜೀತಿ ಆತು, ಹೇಳ್ತೀನಿ.

ಒಂದ್ಸಲ ಮಾಲು ಬಿಚ್ಚುವಾಗ ಗಾಜಿನ ಚೂರು ಅಂಗಾಲಿಗೆ ನಟ್ಟಿತು. ಅಂಥವು ನೂರು ನಟ್ಟಾವ, ಅರಿಷಿಣ ಒತ್ತಿ ಬಿಟ್ಟೆ. ಮೈಯಾಗ ಸಕ್ಕರಿ ರೋಗ ಇದ್ದದ್ದು ನನಗ ನೆನಪಿರಲಿಲ್ಲ, ಅದಕ್ಕ ನನ್ನ ನೆನಪಿತ್ತು. ಕಾಲು ಬಾತು ಕಂಬ ಆತು. ಜ್ವರ ನೆತ್ತಿಗೇರಿತು. ದವಾಖಾನ್ಯಾಗ ಮಲಗಿಸಿ, ಕಾಲು ತಗೀಬೇಕಾದೀತು ಅಂತ ಒಬ್ಬರು, ನೋಡೋಣು ತಡೀರಿ ಅಂತ ಒಬ್ಬರು, ಕಡೀಕ ಭಾರಿ ಜೋರಿನ ಇಂಜೆಕ್ಷನ್ ದಿನಾ ದಿನಾ ನರಕ್ಕ ಹಾಕಿದ್ರು. ಕಾಲು ಉಳೀತು.

ಮನಿಗೆ ಬಂದು ಕುಂತೀನಿ, ಹಿಂದ ಯಾರೋ ಬಳಿ ಅಲುಗಾಡಿಸಿದಂಗ ಆತು. ಸಣ್ಣಗ, ಚೀಂ... ಅಂತ. ಮೊಮ್ಮಗಳು ಐಶ್ವರ್ಯ ಮಾಲಿಗೆ ಕೈ ಹಾಕ್ಯಾಳ ಅಂತ ತಿರುಗಿ ನೋಡದನ ಬೈದೆ. ಅಕಿ ನನ್ನ ಮುಂದೇ ಕುಂತು ಓದಾಕತ್ತಿದ್ಳು. ಬಳಿ ಡಬ್ಬಿ ಎಲ್ಲಾ ಅಟ್ಟದ ಮ್ಯಾಲೆ. ನಮ್ಮ ಮನಿಯವರನ್ನ ಬೈದೆ. ಅವರು ಊರಾಗೇ ಇರಲಿಲ್ಲ. ಬೈಯಾಕ ಯಾರೂ ಉಳೀಲಾರದಾಗ ಸಪ್ಪಳ ನನ್ನ ಕಿವ್ಯಾಗೇ ಅದ ಅಂತ ತಿಳೀತು.

ಐಶ್ವರ್ಯ ನನ್ನ ಕಿವಿ ಡಾಕ್ಟ್ರ ಹತ್ರ ಕರಕೊಂಡು ಹೋದ್ಳು. ಮೈಸೂರು ಕಡಿ ಹುಡುಗ, ಭಾಳ ಮೆತ್ತಗ ಮಾತಾಡ್ತಿದ್ದ. ಕಾಲು ಉಳಿಸಿದ ಇಂಜೆಕ್ಷನ್ನೇ ಕಿವಿಯ ನರಕ್ಕ ತ್ರಾಸ ಕೊಟ್ಟದ, ಒಬ್ಬೊಬ್ಬರಿಗೆ ಹಂಗ ಆಗ್ತದ, ಬರಬರ್ತಾ ಕಮ್ಮಿ ಆದ್ರೂ ಆಗಬಹುದು, ಪೂರಾ ಹೋಗ್ತದ ಅಂತ ಮಾತು ಕೊಡಾಕ ಆಗೂದಿಲ್ಲ ಅಂದ. ಮುಂದ ಯಾವ ದವಾಖಾನಿಗೆ ಹೋದ್ರೂ ಈ ಮಾತು ಮೊದಲ ಹೇಳ್ರಿ ಅಂದ. ಸುಮ್ಮನಿರೋ ಮನ್ಯಾಗ ಒಬ್ಬರೇ ಕೂಡಬ್ಯಾಡ್ರಿ, ಹತ್ರ ಯಾವುದರ ಒಂದು ಸಣ್ಣ ಸಪ್ಪಳ ಇಟ್ಕೋರಿ, ಫ್ಯಾನು, ರೇಡಿಯೊ, ಹಂಥಾದ್ದು. ಕಿವ್ಯಾಗಿನ ಸಪ್ಪಳಕ್ಕಿಂತ ಒಂದೀಟು ಕಮ್ಮಿನೇ ಇರಲಿ, ಮನಸ್ಸು ಕೆಲಸದಾಗ ಇಡ್ರಿ, ಅದ ಏನು, ಹೋತೇನು ಅಂತ ಗಳಿಗಿಗೊಮ್ಮೆ ಕಿವಿಗೊಟ್ಟು ನೋಡಬ್ಯಾಡ್ರಿ ಅಂದ. ಬಾಗಿಲಿಗೆ ಬಂದ ಭಿಕ್ಷುಕನ ಮಾರಿ ನೋಡಿದ್ರ ಅಂವ ಹೋಗೂದಿಲ್ಲ, ಹಂಗ ಅಂತ ನಾ ತಿಳಕೊಂಡೆ.

ತಿಳಕೊಂಡಿದ್ದು ಅಷ್ಟ. ‘ಒಂದೀಟು ಕಮ್ಮಿ’ ಅಂದಿದ್ದು ನನ್ನ ತಲಿಗೆ ಹೋಗಲಿಲ್ಲ. ಸಣ್ಣ ಸಪ್ಪಳದಿಂದ ಸಣ್ಣ ಆರಾಮ ಆದ್ರ, ದೊಡ್ಡ ಸಪ್ಪಳದಿಂದ ದೊಡ್ಡ ಆರಾಮ ಅಂತ ಲೆಕ್ಕ ಹಾಕಿದೆ. ನಮ್ಮ ಓಣ್ಯಾಗ ಹಿಟ್ಟಿನ ಗಿರಣಿ ಅದ. ಜೋಳ ಬೀಸಲಿ, ಬ್ಯಾರೆದೋರ ಖಾರ ಬೀಸಲಿ, ಹೋಗಿ ಮಗ್ಗಲಾಗ ಕುಂದ್ರಾಕ ಶುರು ಮಾಡಿದೆ. ಅಲ್ಲಿ ಕುಂತಾಗ ಕಿವ್ಯಾಗಿಂದು ಖರೇನ ಕೇಳ್ಸೂದಿಲ್ಲ. ಹೊರಗ ಬಂದ್ರ ಒಂದಿದ್ದದ್ದು ಎರಡಾಗಿರ್ತದ. ಎರಡು ಮಾಡಿದ್ದನ್ನ ಮುಚ್ಚಾಕ ಮತ್ತ ಒಳಗ. ಮೈ ತುಂಬ ಹಿಟ್ಟು ಬಡಕೊಂಡು ಮನಿಗೆ ಬಂದ್ರ ನಮ್ಮ ಮನಿಯವರು, ಮುದುಕಿ ಪೌಡರ್ ಹಚ್ಕೊಂಡು ಎಲ್ಲಿ ಹೋಗಿತ್ತು ಅಂತ ಕೇಳಿದ್ರು. ಗಿರಣಿಯಾಂವ ಕಡೀಕ, ಯವ್ವಾ, ನೀ ಇಲ್ಲಿ ಕುಂತ್ರ ತೂಕ ನೋಡಾಕ ಕುಂತೀ ಅಂತ ಗಿರಾಕಿ ನನ್ನ ಮ್ಯಾಲೆ ಸಂಶಯ ಪಡಾಕತ್ತಾರ ಅಂತ ಕೈ ಮುಗದ.

ಆಮ್ಯಾಲೆ ಐಶ್ವರ್ಯ ತನ್ನ ಫೋನಿನ್ಯಾಗ ಮಳಿ ಸಪ್ಪಳ ಹಚ್ಚಿಕೊಟ್ಳು. ಬರೇ ಮಳಿ, ಮುಗಿಯಲಾರದ ಮಳಿ. ಕಿವಿಗೆ ಭಾಳ ಹಿತ ಆತು, ಅದನ್ನ ಸುಳ್ಳು ಹೇಳೂದಿಲ್ಲ. ಆದ್ರ ರಾಯಚೂರಿನ ಬ್ಯಾಸಗಿಯೊಳಗ ಮಳಿ ಸಪ್ಪಳ ಬಂದ್ರ ಹೆಂಗ? ಮಗ್ಗಲ ಮನಿಯಾಕಿ ಮಾಳಗಿ ಮ್ಯಾಲೆ ಒಣಾ ಹಾಕಿದ ಶಾವಿಗಿ ಎಲ್ಲಾ ಬಳಕೊಂಡು ಕೆಳಗ ಓಡಿ ಬಂದ್ಳು. ಮ್ಯಾಲೆ ನೋಡಿದ್ರ ಬಿಸಿಲು ಕೊಳ್ಳಿ ಹಿಡದಂಗ ಅದ. ನನಗ ಇನ್ನೊಂದು ತ್ರಾಸ. ಆ ನೀರಿನ ಸಪ್ಪಳಕ್ಕ ಗಳಿಗಿಗೊಮ್ಮೆ ಬಚ್ಚಲಕ್ಕ ಹೋಗಬೇಕಾಗ್ತಿತ್ತು. ಕಿವಿ ರೋಗಕ್ಕ ಇಲಾಜು ಮಾಡಾಕ ಹೋಗಿ ಬ್ಯಾರೆ ರೋಗ ಬಂತು ಅಂತ ಮಳಿ ನಿಲ್ಲಿಸಿ ಫ್ಯಾನು ಹಚ್ಚಿದೆ. ಫ್ಯಾನು ನನಗ ಹೊಂದಿತು. ಮಾತಿಲ್ಲ, ಕತಿಯಿಲ್ಲ, ತನ್ನ ಪಾಡಿಗೆ ಗೊಣಗತದ, ನಮ್ಮ ಮನಿಯವರಂಗ.

ಎರಡನೇ ಸಲ ಡಾಕ್ಟ್ರ ಹತ್ರ ಹೋದಾಗ ನಾ ಹೇಳಿದ ಫಜೀತಿ ಆತು.

“ಹೇಗಿದೆ ಅಜ್ಜಿ? ಸದ್ದು ಹೆಚ್ಚಿದೆಯಾ?” ಅಂತ ಕೇಳಿದ.

“ಎಲ್ಲಿ ಹೆಚ್ಚೇದ್ರೀ ಸಾಹೇಬ್ರ. ಹೆಚ್ಚಿದ್ರ ದೇವರಿಗೆ ದೀಪ ಹಚ್ಚತಿದ್ದೆ.”

ಬರಿಯೋದು ನಿಲ್ಲಿಸಿ ನನ್ನ ಮಾರಿ ನೋಡಿದ. “ಹೆಚ್ಚಬೇಕು ಅಂತೀರಾ?”

“ಮತ್ತ? ಒಮ್ಮಿಗೇ ಪೂರಾ ಹೆಚ್ಚಿಬಿಟ್ರ ನನ್ನ ಪೀಡಾ ಹೋಗ್ತದ. ಈ ಗುಳಿಗಿ ಗಿಳಿಗಿ ಬಿಟ್ಟು, ಹೆಚ್ಚೋಹಂಗ ಏನರ ಕೊಡ್ರಿ.”

ಕುರ್ಚಿ ಜರಾ ಹಿಂದಕ್ಕ ಸರಿಸಿಕೊಂಡ. ದನಿ ಇನ್ನೂ ಮೆತ್ತಗ ಆತು. ಕಿವ್ಯಾಗ ಬರೇ ಸಪ್ಪಳ ಅದನೋ, ಇಲ್ಲಾ ಯಾರಾದ್ರೂ ಮಾತಾಡಿದಂಗ ಕೇಳ್ತದೋ ಅಂತ ಕೇಳಿದ. ಮಾತಾಡೋರು ನಮ್ಮ ಮನಿಯವರು ಒಬ್ಬರೇ, ಅವರದು ಮೊದಲಿಂದಾನೂ ಕೇಳ್ಸೂದಿಲ್ಲ ಅಂದೆ. ಅಂವ ಚೀಟಿ ತಗದು ಇನ್ನೊಬ್ಬ ಡಾಕ್ಟ್ರಿಗೆ ಏನೋ ಬರಿಯಾಕತ್ತ. ಬಗ್ಗಿ ನೋಡಿದ ಐಶ್ವರ್ಯ, ಅದು ತಲಿ ಡಾಕ್ಟ್ರಿಗೆ ಅಂತ ಓದಿ, ನಗಾಕ ಶುರು ಮಾಡಿದ್ಳು. ನಕ್ಕು ಮುಗಿಸಿ ಅವಂಗ ತಿಳಿಸಿ ಹೇಳಿದ್ಳು: ನಮ್ಮಜ್ಜಿ ಬಳಿ ಮಾರಾಕಿ, ಅಕಿ ಬಾಯಾಗ ಹೆಚ್ಚಿತು ಅಂದ್ರ ಮುರಿದು ಹೋತು ಅಂತ, ಸಪ್ಪಳನೂ ಬಳಿ ಸಪ್ಪಳದಂಗ ಕೇಳ್ತದ, ಅದಕ್ಕ ಹಂಗ ಅಂತಾಳ. ಅಂವ ಬರದ ಚೀಟಿ ಹರದ. ನಮ್ಮಜ್ಜಿನೂ ಹಾಗೇ ಅಂತಿದ್ರು, ನನಗೇ ಹೊಳೀಲಿಲ್ಲ ನೋಡಿ ಅಂತ ನಕ್ಕ. ಎಲ್ಲಾ ನಕ್ರು, ನನ್ನ ಕಿವಿ ಬಿಟ್ಟು.

ನಗಿ ಇರಲಿ. ಹೊಟ್ಟಿಪಾಡಿನ ಮಾತು ಬ್ಯಾರೆ ಇತ್ತು. ಕಿವ್ಯಾಗಿನ ಚೀಂ, ಬಳಿ ಖಣಖಣ, ಎರಡೂ ಒಂದೇ ಓಣಿಯವು. ಒಂದರೊಳಗ ಒಂದು ಕಲೆಸಿಬಿಡ್ತಿದ್ದವು. ಬಿರುಕಿನ ಬಳಿ ನನಗ ತಿಳಿಯಾಕ ಒಲ್ಲದು. ಕಾಲು ನೆಟ್ಟಗಾಗಿ ಮತ್ತ ದೇವದುರ್ಗದ ಸಂತಿಗೆ ಹೋದ ಮೊದಲನೇ ದಿನಾನೇ ಒಬ್ಬ ಗಟ್ಟಿ ಹೆಣ್ಮಗಳ ಕೈಗೆ ಇಟ್ಟ ಬಳಿ ಇಟ್ಟಂಗ ಇಟ್ಟಂಗ ಹೆಚ್ಚಾಕತ್ತವು. ಅಕಿ, ಬಳಿ ಇಡಸ್ತಿಯೋ ಕಾಳು ಹುರೀತಿಯೋ ಅಂತ ಸಂತಿಗೆಲ್ಲಾ ಕೇಳೋಹಂಗ ಕೇಳಿದ್ಳು. ನಿನ್ನ ಕೈ ದಪ್ಪ ಅಂತ ನಾ ಅಂದೆ. ಅಕಿ ಅದನ್ನ ತೋರಿಸಾಕ ಕೈ ಎತ್ತಿದ್ಳು, ನಾ ಡಬ್ಬಿ ಎತ್ತಿದೆ.

ಸಂತಿ ಗಿರಾಕಿ ಹೋದ್ರ ಹೋಗಲಿ. ನನ್ನ ಎದಿ ಬಡಕೊಳ್ಳಾಕತ್ತಿದ್ದು ಮಲ್ಲಟದ ಮದುವಿಗೆ. ಅಲ್ಲಿ ಗಿರಿಜಮ್ಮನ ಮನಿಗೆ ನಮ್ಮತ್ತಿ ಕಾಲದಿಂದ ನಾವೇ ಬಳಿ ಇಡೋರು. ಗಿರಿಜಮ್ಮನ ಮದುವಿಗೆ ನಾ ಇಟ್ಟೀನಿ, ಈಗ ಅಕಿ ಮಗಳು ಸುವರ್ಣಾಗ ಇಡಬೇಕು. ಮದುಮಗಳ ಕೈಯಾಗ, ಎಲ್ಲಾರ ಮುಂದ, ಒಂದು ಹಸರು ಬಳಿ ಹೆಚ್ಚಿತು ಅಂದ್ರ ಮುಗೀತು. ಮುಂದ ಅತ್ತಿ ಮನ್ಯಾಗ ಹಾಲು ಕೆಟ್ರೂ, ಎಮ್ಮಿ ಒದ್ದರೂ, ಅವತ್ತ ಬಳಿ ಹೆಚ್ಚಿತ್ತಲ್ಲ ಅಂತ ಆ ಹುಡುಗಿನ್ನ ಆಡ್ತಾರ. ನನ್ನಂತೂ ಸುತ್ತಿನ ಯಾವ ಹಳ್ಳ್ಯಾಗೂ ಹೊಸ್ತಿಲ ದಾಟಸೂದಿಲ್ಲ. ಹೋಗಲ್ಲ ಅಂತ ಹೇಳಿ ಕಳಿಸಬೇಕು ಅಂದ್ರ, ಯಾಕ ಅಂತ ಕೇಳ್ತಾರ. ಬಳಿಗಾರ್ತಿ ಕಿವಿ ಕೆಟ್ಟದ ಅಂದ್ರ, ಬಾಣಂತನ ಮಾಡಾಕಿಗೆ ಕೈ ನಡುಗತಾವ ಅಂದಂಗ. ಮುಚ್ಚಿಟ್ಟೆ.

ದಾರಿ ಬಸ್ಸಿನ್ಯಾಗ ಸಿಕ್ಕಿತು. ಮಾನವಿಗೆ ಹೊಂಟಾಗ ಜಾಗ ಇಲ್ಲದ್ದಕ್ಕ ಡ್ರೈವರನ ಮಗ್ಗಲಿನ ಇಂಜಿನ್ ಡಬ್ಬಿ ಮ್ಯಾಲೆ ಕುಂತಿದ್ದೆ. ಇಂಜಿನ್ನಿನ ಗುಡುಗುಡು ಮೈಯಾಗೆಲ್ಲಾ ಇಳಿದು, ಕಿವ್ಯಾಗಿನ ಚೀಂ ಅದರ ಕೆಳಗ ಮುಚ್ಚಿಹೋಗಿತ್ತು. ಕೈಯಾಗಿನ ಡಬ್ಬಿ ಕುಲುಕಿತು. ಖಣಖಣದ ನಡುವ ಒಂದು ‘ಕಟ್’. ಡಬ್ಬಿ ಬಿಚ್ಚಿ ಹುಡುಕಿದೆ, ಬಿರುಕಿನದು ಸಿಕ್ಕೇ ಬಿಟ್ಟಿತು. ಯಾಕ ಹಂಗ ಆಗ್ತದ ಅಂತ ನನಗ ಗೊತ್ತಿಲ್ಲ. ಇಂಜಿನ್ನಿನದು ದಪ್ಪ ಸಪ್ಪಳ, ಬಳಿದು ಸಣ್ಣದು, ಅದಕ್ಕಿರಬೇಕು.

ಅವತ್ತಿಂದ ನನ್ನ ಮಾಲು ಪೂರಾ ಇಂಜಿನ್ ಡಬ್ಬಿ ಮ್ಯಾಲೇ ಪರೀಕ್ಷಾ ಆಗಾಕತ್ತಿತು. ರಾಯಚೂರಿನಿಂದ ಮಾನವಿತನಕ ಡಜನ್ ಮ್ಯಾಲೆ ಡಜನ್ ಅಲುಗಾಡಸ್ತಿದ್ದೆ. ಹಿಂದ ನಿದ್ದಿ ಹತ್ತಿದ್ದ ಒಬ್ಬ ಯಜಮಾನ ಆರತಿ ಗಂಟಿ ಅಂತ ಎದ್ದು ಕೈ ಮುಗದ. ಕಂಡಕ್ಟರ್, “ಯಮ್ಮಾ, ಇದು ಬಸ್ಸೋ ಮಠಾನೋ” ಅಂದ. ಮಂಗಳಾರತಿ ತಟ್ಟ್ಯಾಗ ಏನರ ಹಾಕ್ತೀಯೇನು ಅಂತ ನಾ ಕೇಳಿದ್ದಕ್ಕ ಟಿಕೀಟು ಹರಿಯಾಕ ಹಿಂದಕ್ಕ ಹೋದ.

ಮಲ್ಲಟಕ್ಕ ಹೋಗೋ ದಿನ ಮದುಮಗಳ ಹಸರು ಬಳಿ ಎಲ್ಲಾ ಹಿಂಗ ಬಸ್ಸಿನ್ಯಾಗ ಆರಿಸಿ, ಬ್ಯಾರೆ ಗಂಟು ಕಟ್ಟಿ, ಎದಿ ಗಟ್ಟಿ ಮಾಡಿಕೊಂಡು ಇಳಿದೆ. ಪಡಸಾಲ್ಯಾಗ ಜಮಖಾನಿ ಹಾಸಿದ್ರು. ಸುವರ್ಣಾ ಅರಿಷಿಣ ಮೈಯಾಗ ಕುಂತಿದ್ಳು, ಸುತ್ತ ಹೆಣ್ಮಕ್ಕಳು. ಗಂಟು ಬಿಚ್ಚಬೇಕು ಅನ್ನೋದ್ರಾಗ ಗಂಡಿನ ಸೋದರತ್ತಿ, ಸಿರವಾರದಾಕಿ, ಒಂದು ಡಬ್ಬಿ ತಂದು ನನ್ನ ಮುಂದ ಇಟ್ಳು. ಹೈದರಾಬಾದಿನಿಂದ ತರಿಸೀವಿ, ಮದುಮಗಳಿಗೆ ನಮ್ಮ ಕಡಿ ಬಳಿನೇ ಇಡಬೇಕು ಅಂದ್ಳು. ಗಿರಿಜಮ್ಮ ನನ್ನ ನೋಡಿದ್ಳು. ಬೀಗರ ಮಾತಿಗೆ ಇಲ್ಲ ಅನ್ನೋಹಂಗಿಲ್ಲ. ನಾ ಆ ಡಬ್ಬಿ ನೋಡಿದೆ. ಒಂದೂ ಪರೀಕ್ಷಾ ಮಾಡಿದ್ದಲ್ಲ, ಬಸ್ಸು ಹೊಂಟು ಹೋಗ್ಯದ, ಪಡಸಾಲ್ಯಾಗ ಎಲ್ಲಾರೂ ಬಾಯಿ ಮುಚ್ಕೊಂಡು ನನ್ನ ಕೈ ನೋಡಾಕತ್ತಾರ. ಆ ಸುಮ್ಮನಾಗೋದ್ರಾಗ ಕಿವ್ಯಾಗಿಂದು ಮೆರವಣಿಗಿ ಹೊಂಟಿತು.

ಮೂಲ್ಯಾಗ ಒಂದು ಕಬ್ಬಿಣದ ಕೂಲರ್ ಇತ್ತು, ಬಂದ್ ಮಾಡಿದ್ರು.

“ಗಿರಿಜವ್ವಾ, ಆ ಕೂಲರ್ ಹಚ್ಚು” ಅಂದೆ.

ಸಿರವಾರದಾಕಿ ಮೂಗು ಮುರಿದ್ಳು. “ಬಳಿಗಾರ್ತಿಗೆ ಕೂಲರ್ ಬೇಕಂತ. ನಾಳೆ ಎಸಿ ಕೇಳ್ತಾಳ.”

“ಎಸಿಗೆ ಸಪ್ಪಳ ಇರೂದಿಲ್ಲವ್ವ, ಅದು ನನಗ ಉಪಯೋಗಿಲ್ಲ.”

ಯಾರಿಗೂ ತಿಳೀಲಿಲ್ಲ. ಕೂಲರ್ ಭರ್ರ್ ಅಂತ ಶುರುವಾತು, ಕಿವ್ಯಾಗಿಂದು ಮುಚ್ಚಿತು. ಮೊದಲನೇ ಡಜನ್ ಅಲುಗಾಡಿಸಿದೆ. ಕಟ್ ಅಂತು. ಮಗ್ಗಲಕ್ಕ ಇಟ್ಟೆ. ಎರಡನೇದೂ ಕಟ್. ಮೂರನೇದೂ ಕಟ್. ಹೈದರಾಬಾದಿನ ಡಬ್ಬಿ ಅರ್ಧ ಖಾಲಿ ಆತು, ಇಡಾಕ ಒಂದು ಬಳಿ ಸಿಗಲಿಲ್ಲ. ಸಿರವಾರದಾಕಿ ಮಾರಿ ಕೆಂಪಗಾತು.

“ನಮ್ಮ ಮಾಲು ಪೂರಾ ಖರಾಬ ಅಂತೀಯೇನು? ಶುಭ ಕಾರ್ಯದಾಗ ಬೇಕಂತ ಕೊಂಕು ತಗೀತಿ? ಯಾರು ಹೇಳಿಕೊಟ್ಟಾರ ನಿನಗ?”

ಕಡೀ ಮಾತು ಗಿರಿಜಮ್ಮನ ಕಡಿ ನೋಡಿ ಅಂದ್ಳು. ಗಿರಿಜಮ್ಮನ ಮಾರ್ಯಾಗ ರಕ್ತ ಇಲ್ಲ. ಬಳಿ ಹೆಚ್ಚಿದ್ರ ಒಂದು ಕೇಡು ಅಂದುಕೊಂಡಿದ್ದೆ. ಈಗ ಒಂದೂ ಬಳಿ ಇಡದನ ಬೀಗತನಾನೇ ಹೆಚ್ಚಾಕ ಬಂತು.

ಅವಾಗ ಸುವರ್ಣಾ, ಬಗ್ಗಿಸಿದ ತಲಿ ಎತ್ತದನ, “ಅಜ್ಜಿ, ಕಟ್ ಅನ್ನಾಕತ್ತಿದ್ದು ಬಳಿ ಅಲ್ಲ, ನಮ್ಮ ಕೂಲರ್. ಅದರ ಪಂಖ ಜಾಲರಿಗೆ ಬಡೀತದ” ಅಂದ್ಳು.

ಕಿವಿಗೊಟ್ಟೆ. ಭರ್ರ್, ಕಟ್. ಭರ್ರ್, ಕಟ್. ಬಳಿ ನನ್ನ ಕೈಯಾಗ ಸುಮ್ಮನ ಇದ್ದವು. ಹೆಣ್ಮಕ್ಕಳು ಸೆರಗು ಬಾಯಿಗೆ ಇಟ್ಕೊಂಡ್ರು, ಸೆರಗಿಗೂ ತಡೀಲಿಲ್ಲ, ಬಿದ್ದು ಬಿದ್ದು ನಕ್ರು. ನಗಲಾರದೋರು ಇಬ್ಬರೇ, ನಾನು, ಸಿರವಾರದಾಕಿ.

ಇನ್ನ ಮುಚ್ಚಿಟ್ಟು ಏನು ಮಾಡೋದು. ಕೂಲರ್ ಬಂದ್ ಮಾಡಸಿ ಹೇಳಿಬಿಟ್ಟೆ. “ಕಾಲು ಉಳಿಸಾಕ ಹಾಕಿದ ಇಂಜೆಕ್ಷನ್ ನನ್ನ ಕಿವಿ ಕೆಡಿಸ್ಯದ್ರವ್ವ. ಹಗಲೂ ರಾತ್ರಿ ಅದರಾಗೇ ಬಳಿ ಅಲುಗತಾವ, ಹೊರಗಿನ ಬಳಿ ತಿಳಿಯೂದಿಲ್ಲ. ಕೈ ನೆಟ್ಟಗ ಅದ. ಯಾರರ ಕಿವಿ ಕೊಡ್ರಿ, ನಾ ಕೈ ಕೊಡ್ತೀನಿ.”

ನನ್ನ ಎಬ್ಬಿಸಿ ಕಳಿಸ್ತಾರ ಅಂತ ಗಂಟು ಕಟ್ಟಾಕ ಶುರು ಮಾಡಿದ್ದೆ. ಸಿರವಾರದಾಕಿ ಡಬ್ಬಿ ತನ್ನ ಕಡಿ ಎಳಕೊಂಡ್ಳು. “ಅತ್ತ ಸರಿ. ನಮ್ಮ ಮನ್ಯಾಗ ನನ್ನ ಕಿವಿಗೆ ಎಲ್ಲಾರೂ ಅಂಜತಾರ. ನಾ ನೋಡ್ತೀನಿ.” ಹೆಂಗ ಹಿಡೀಬೇಕು, ಹೆಂಗ ಅಲುಗಾಡಿಸಬೇಕು ಅಂತ ತೋರಿಸಿಕೊಟ್ಟೆ. ಮೊದಲನೇ ಡಜನ್, ಛಲೋ ಅದ. ಎರಡನೇದು, ಛಲೋ ಅದ. ಮಾಲು ತಂದ ಗತ್ತಿನಾಗ ಎಲ್ಲಾರ ಮಾರಿ ನೋಡ್ತಿದ್ಳು. ಆಮ್ಯಾಲೆ ಒಂದರಾಗ ಕೈ ನಿಂತಿತು. ಮತ್ತೊಮ್ಮಿ ಅಲುಗಾಡಿಸಿದ್ಳು. ಒಂದೊಂದೇ ಬಿಡಿಸಿ, ಉಗುರಲೆ ತಟ್ಟಿ, ಕಡೀಕ ಒಂದು ಬಳಿ ಎತ್ತಿ ಹಿಡಿದು, “ಇದು ನೋಡು, ಇದು ಕೆಮ್ಮತದ” ಅಂದ್ಳು. ತಾನೇ ಹಿಡದಾಕಿ, ಹಂಗಾಗಿ ಅವಮಾನ ಆಗಲಿಲ್ಲ. ಹೈದರಾಬಾದಿನ ಅಂಗಡಿಯಾಂವಗ ಕುಂತಲ್ಲೇ ಬೈದು, ಇನ್ನೊಂದು ಹಿಡದ್ಳು. ಅಷ್ಟೊತ್ತಿಗೆ ಉಳಿದವರೂ ನನಗ ಕೊಡು, ನನಗ ಕೊಡು ಅಂತ ಒಂದೊಂದು ಡಜನ್ ಹಿಡಕೊಂಡು ಕಿವಿ ಹತ್ರ ಅಲುಗಾಡಸಾಕತ್ತಿದ್ರು. ಪಡಸಾಲಿ ತುಂಬ ಖಣಖಣ.

ನಾ ಸುವರ್ಣಾನ ಕೈ ಹಿಡದೆ. ಬಿಗಿ ಹಿಡದಿದ್ಳು, ಹೆಬ್ಬೆರಳ ಬುಡದ ಎಲುವು ಎದ್ದಿತ್ತು. ಅಲ್ಲೇ ಬಳಿ ಹೆಚ್ಚೋದು. ಆ ಎಲುವು ಮೆಲ್ಲಕ ಒತ್ತಿ, ಅಂಗೈ ಮಡಚಿ, ನಿನ್ನ ಗಂಡ ಗೊರಕಿ ಹೊಡೀತಾನೋ ಇಲ್ಲೋ ವಿಚಾರಿಸೀಯೇನು ಅಂದೆ. ಅಕಿಗೆ ನಗಿ ಬಂತು, ಕೈ ಸಡಲಾತು, ಬಳಿ ಜಾರಿತು. ಒಂದಾದ ಮ್ಯಾಲೆ ಒಂದು, ಎರಡೂ ಕೈಗೆ, ಮೊಣಕೈ ಸನೇಕ ಬರೋತನಕ. ಒಂದೂ ಹೆಚ್ಚಲಿಲ್ಲ. ಅಷ್ಟೊತ್ತು ನನ್ನ ಕಿವಿ ಏನು ಮಾಡಾಕತ್ತಿತ್ತು ನನಗ ಗೊತ್ತೇ ಇಲ್ಲ. ಕೈ ತೊಳಿಯಾಕ ಬಚ್ಚಲಕ್ಕ ಹೋದಾಗ ಮತ್ತ ಬಂದು ನಿಂತಿತ್ತು, ಎಲ್ಲಿ ಹೋಗಿದ್ದಿ ಅಂತ ಕೇಳಿದಂಗ.

ಸಿರವಾರದಾಕಿ ಹೊರಡುವಾಗ, ಸುವರ್ಣಾನ ಕುಬಸಕ್ಕೂ ನೀ ಬರಬೇಕು, ಕಿವಿಗೆ ನಾ ಬರ್ತೀನಿ ಅಂದ್ಳು. ಬಂದ್ಳು ಸುದ್ದಾ.

ಅವತ್ತಿಂದ ಯಾವ ಮನಿಗೆ ಹೋದ್ರೂ ಗಂಟು ಬಿಚ್ಚೋಕಿಂತ ಮೊದಲ ಕೇಳಿಬಿಡ್ತಿದ್ದೆ: ನಂದು ಕೆಟ್ಟದ, ಯಾರ ಕಿವಿ ಛಲೋ ಅದ, ಮುಂದ ಬರ್ರಿ. ಪಡಸಾಲಿ ಪಡಸಾಲಿನೇ ಎದ್ದು ಬರ್ತಿತ್ತು, ಕೂಗಿ ಕರದ್ರೂ ಓ ಅನ್ನಲಾರದ ಮುದುಕಿಯರೂ ಬರ್ತಿದ್ರು. ಇಷ್ಟು ಊರು ತಿರುಗೀನಿ, ಕಿವಿ ಕೆಟ್ಟದ ಅಂತ ಬಾಯಿಬಿಟ್ಟು ಹೇಳಿದಾಕಿ ನಾ ಒಬ್ಬಾಕೇ.